ಹೊರಗೆ ಹೋಗುವ ಬಾಣ

ಫೆಬ್ರವರಿ ೩, ಸೋಮವಾರ

೮೮. ೮೯. ೮೮.

ಅಕ್ಕನನ್ನು ಆಸ್ಪತ್ರೆಯಿಂದ ಮನೆಗೆ ಕರೆತಂದು ಮೂರು ದಿನವಾಯಿತು. ದಿನಕ್ಕೆ ಮೂರು ಸಲ ಬೆರಳಿಗೆ ಮೀಟರು ಹಾಕಿ ರಕ್ತದ ಆಮ್ಲಜನಕದ ಅಂಕಿ ಬರೆದಿಡಿ ಎಂದು ನರ್ಸ್ ಹೇಳಿದ್ದರಿಂದ ಈ ಡೈರಿ ಹೊರಗೆ ತೆಗೆದೆ. ಪ್ರಕಾಶನದವರು ಎರಡು ವರ್ಷದ ಹಿಂದೆ ಕೊಟ್ಟದ್ದು. ಒಂದು ಅಕ್ಷರವೂ ಬಿದ್ದಿರಲಿಲ್ಲ. ವಾರಗಳು ತಪ್ಪಾಗಿವೆ, ನಾನೇ ಹೊಡೆದು ತಿದ್ದಿಕೊಳ್ಳುತ್ತಿದ್ದೇನೆ. ಮೂರು ಅಂಕಿ ಬರೆದ ಮೇಲೂ ಪುಟದಲ್ಲಿ ಬೇಕಾದಷ್ಟು ಜಾಗ ಉಳಿಯುತ್ತದೆ. ಖಾಲಿ ಜಾಗ ಕಂಡರೆ ಏನಾದರೂ ತುಂಬಬೇಕೆನಿಸುವುದು ಪಠ್ಯಪುಸ್ತಕಕ್ಕೆ ಚಿತ್ರ ಬರೆಯುವವನ ಚಟ.

ಮಷೀನು ಅಕ್ಕನ ಮಂಚದ ಕಾಲಬಳಿ ನಿಂತಿದೆ. ಸೊಂಟದೆತ್ತರ, ನಾಲ್ಕು ಚಕ್ರ. ಕೋಣೆಯ ಗಾಳಿಯನ್ನೇ ಎಳೆದುಕೊಂಡು ಅದರೊಳಗಿನ ಆಮ್ಲಜನಕವನ್ನು ಸೋಸಿ ಕೊಡುತ್ತದೆ. ಎದುರಿಗೊಂದು ಗಾಜಿನ ಕೊಳವೆ, ಅದರಲ್ಲಿ ಬಟಾಣಿ ಗಾತ್ರದ ಗುಂಡು ತೇಲುತ್ತಿರುತ್ತದೆ. ತಿರುಪು ತಿರುಗಿಸಿದಷ್ಟೂ ಗುಂಡು ಮೇಲೇರುತ್ತದೆ. ಈಗ ಒಂದರ ಗೆರೆಯಲ್ಲಿದೆ. ಅಲ್ಲಿಂದ ಹೊರಟ ತೆಳ್ಳನೆಯ ನಳಿಕೆ ಅಕ್ಕನ ಕಿವಿಗಳ ಹಿಂದೆ ಹಾದು ಮೂಗಿನ ಕೆಳಗೆ ಕವಲಾಗುತ್ತದೆ.

ನರ್ಸ್ ಇವತ್ತು ಬಂದಿದ್ದರು. ಇನ್ನು ಪ್ರತಿ ಸೋಮವಾರ ಬರುತ್ತಾರಂತೆ. ಆಸ್ಪತ್ರೆಯ ಹಾಳೆಯನ್ನು ಗೋಡೆಗೆ ಅಂಟಿಸಿ, ಒಂದು ಸಾಲಿನ ಕೆಳಗೆ ಗೆರೆ ಎಳೆದರು. "ಒಂದು ಲೀಟರು. ಎಂಬತ್ತೆಂಟರಿಂದ ತೊಂಬತ್ತೆರಡರ ಒಳಗಿರಬೇಕು. ತಿರುಪಿಗೆ ಕೈ ಹಾಕಬೇಡಿ."

"ಶಾಲೇಲಿ ನನಗೆ ಯಾವತ್ತೂ..." ಅಕ್ಕ ಉಸಿರೆಳೆದುಕೊಂಡಳು, "ಎಂಬತ್ತೆಂಟು ಬಂದಿರಲಿಲ್ಲಮ್ಮ."

ಮೂರು ಪದ, ಒಂದು ಉಸಿರು, ಮತ್ತೆ ಮೂರು. ಮೂವತ್ತೊಂದು ವರ್ಷ ಅವಳು ಬಸ್ ನಿಲ್ದಾಣದಲ್ಲಿ ಧ್ವನಿವರ್ಧಕದ ಹಿಂದೆ ಕೂತವಳು. ಗಾಜಿನ ಗೂಡಿನ ಹೊರಗೆ ಬಸ್ಸುಗಳ ಹೊಗೆ, ಒಳಗೆ ಮೇಲ್ವಿಚಾರಕರ ಸಿಗರೇಟು. ಹೊರಡುವ ಬಸ್ಸಿನ ಹದಿನಾಲ್ಕು ನಿಲುಗಡೆಗಳನ್ನೂ ಒಂದೇ ಉಸಿರಿನಲ್ಲಿ ಹೇಳುತ್ತಿದ್ದಳು. ಅವಳ ಆರೋಗ್ಯ ನಮಗೆ ಗೊತ್ತಾಗುತ್ತಿದ್ದದ್ದೇ ಹಾಗೆ. ಹದಿನಾಲ್ಕು ಹತ್ತಾಯಿತು, ಹತ್ತು ಆರಾಯಿತು. ಆರಾದ ವರ್ಷ ನಿವೃತ್ತಿ ತೆಗೆದುಕೊಂಡು ನನ್ನ ಜೊತೆ ಇರಲು ಬಂದಳು.

ನನಗೆ ರಾತ್ರಿಯ ಊಟ ಸೇರಲಿಲ್ಲ. ತಟ್ಟೆ ಹಾಗೇ ಇದೆ.


ಫೆಬ್ರವರಿ ೫, ಬುಧವಾರ

೮೯. ೮೮. ೮೮.

ಮೀಟರು ಅಂಕಿ ತೋರಿಸುವ ಮೊದಲು ನಾಲ್ಕೈದು ಕ್ಷಣ ಬರೀ ಗೆರೆಗಳನ್ನು ಮಿನುಗಿಸುತ್ತದೆ. ಅಷ್ಟು ಹೊತ್ತು ನಾನು ಉಸಿರು ಹಿಡಿದಿರುತ್ತೇನಂತೆ. ಅಕ್ಕ ಹೇಳಿದ ಮೇಲೆಯೇ ಗೊತ್ತಾದದ್ದು.

"ಮೊದಲು ನೀನು ಉಸಿರು ಬಿಡು. ಆಮೇಲೆ ನನ್ನದು ನೋಡು. ಈ ಮನೇಲಿ ಒಬ್ಬರಿಗೆ ಮಷೀನು ಸಾಕು."

ಇದನ್ನು ಹೇಳಲು ಅವಳು ಮೂರು ಸಲ ನಿಲ್ಲಬೇಕಾಯಿತು. ಆದರೂ ಹೇಳಿದಳು.

ಕೆಲಸ ಮೇಜಿನ ಮೇಲೆ ಬಿದ್ದಿದೆ. ಒಂಬತ್ತನೇ ತರಗತಿಯ ಜೀವವಿಜ್ಞಾನ, ಏಳನೇ ಅಧ್ಯಾಯ. ಶ್ವಾಸಕೋಶದ ಚಿತ್ರ ಮುಗಿದಿದೆ, ಉಳಿದಿರುವುದು ಅಂಗಾಂಶದ್ದು. ಕೂದಲಿಗಿಂತ ತೆಳುವಾದ ರಕ್ತನಾಳ, ಪಕ್ಕದಲ್ಲಿ ಜೀವಕೋಶಗಳು. ನಾಳದಿಂದ ಕೋಶಕ್ಕೆ ಆಮ್ಲಜನಕದ ಕೆಂಪು ಬಾಣ, ಕೋಶದಿಂದ ನಾಳಕ್ಕೆ ಇಂಗಾಲದ ಡೈ ಆಕ್ಸೈಡಿನ ನೀಲಿ ಬಾಣ. ಲೇಖಕರು ಬರೆದಿರುವುದು ಇಷ್ಟು: "ಎಲ್ಲಿ ಹೆಚ್ಚಿದೆಯೋ ಅಲ್ಲಿಂದ ಎಲ್ಲಿ ಕಡಿಮೆಯಿದೆಯೋ ಅಲ್ಲಿಗೆ ಅನಿಲ ತಾನಾಗಿಯೇ ಹರಿಯುತ್ತದೆ. ಯಾರೂ ತಳ್ಳಬೇಕಾಗಿಲ್ಲ." ಯಾರೂ ತಳ್ಳಬೇಕಾಗಿಲ್ಲ ಎಂಬ ಮಾತು ನನಗೆ ಹಿಡಿಸಿತು. ಇಡೀ ದಿನ ತಲೆಯಲ್ಲಿ ಸುತ್ತುತ್ತಿತ್ತು.

ಮಧ್ಯಾಹ್ನ ಕೆಳಗಿನ ಮನೆಯ ಟೈಲರಮ್ಮ ಬಂದರು. ದಿನಾ ಎರಡಕ್ಕೆ ಬಂದು ಅಕ್ಕನ ಜೊತೆ ಇಸ್ಪೀಟು ಆಡುವುದು ಅವರ ರೂಢಿ. ಬಾಗಿಲಲ್ಲೇ ಮೂಗು ಒರೆಸಿಕೊಂಡದ್ದನ್ನು ಕಂಡು, ಸ್ವಲ್ಪ ದಿನ ಬರಬೇಡಿ ಎಂದೆ. ಅವರು ಮೆಟ್ಟಿಲು ಇಳಿದು ಹೋದರು. ಒಳಗಿನಿಂದ ಅಕ್ಕ ಅಂದಳು: "ಓಡಿಸಿದೆಯಾ? ಸರಿ, ಕಿಟಕೀನೂ ಮುಚ್ಚಿಬಿಡು. ಮೇಲೊಂದು ಮುಚ್ಚಳ ಹಾಕಿ... ಲೇಬಲ್ ಅಂಟಿಸು."

ಕಿಟಕಿಯನ್ನು ನಿಜಕ್ಕೂ ಮುಚ್ಚಿದ್ದೆ. ಬೀದಿಯ ದೂಳು.


ಫೆಬ್ರವರಿ ೮, ಶನಿವಾರ

೮೭. ೮೮. ೯೧.

ಬೆಳಿಗ್ಗೆ ೮೭. ಬೆರಳು ಬದಲಾಯಿಸಿದೆ, ೮೭. ಅಕ್ಕ ಟೀ ಕುಡಿಯುತ್ತ, ನಿನ್ನೆಯ ಪತ್ರಿಕೆಯ ಪದಬಂಧದಲ್ಲಿ ಒಂದು ಮನೆ ತುಂಬಲಾರದೆ ಬೈಯುತ್ತಿದ್ದಳು. ಏನೂ ಆಗಿಲ್ಲದವಳ ಹಾಗೆ. ಆಸ್ಪತ್ರೆಗೆ ಫೋನು ಮಾಡಿದರೆ ಯಾರೋ ಒಬ್ಬರು, "ಒಂದೆರಡು ಅಂಕಿ ಆಚೀಚೆ ಆಗ್ತಿರತ್ತೆ, ಗಾಬರಿ ಬೇಡ" ಅಂದು ಇಟ್ಟುಬಿಟ್ಟರು. ಅವರ ಅಕ್ಕ ಅಲ್ಲವಲ್ಲ.

ನನಗೆ ಅರ್ಥವಾಗದಿರುವುದು ಇದು. ನನ್ನ ಬೆರಳಿಗೆ ಹಾಕಿದರೆ ೯೮ ಬರುತ್ತದೆ. ಟೈಲರಮ್ಮನಿಗೂ ಅಷ್ಟೇ ಬರುತ್ತಿರಬೇಕು. ಅಕ್ಕನೊಬ್ಬಳಿಗೆ ಎಂಬತ್ತೆಂಟು ಸಾಕು ಎಂದರೆ ಏನರ್ಥ? ಮುದುಕಿ, ಹೇಗೂ ಕೆಟ್ಟ ಶ್ವಾಸಕೋಶ, ಇಷ್ಟು ಸಾಕು ಎಂದೇ? ಗೋಡೆಯ ಮೇಲಿನ ಹಾಳೆಯನ್ನು ಹತ್ತು ಸಲ ಓದಿದೆ. ಓದಿದಷ್ಟೂ ಅದು ಫೇಲಾಗಬಾರದೆಂದು ಹಾಕಿಕೊಟ್ಟ ಕನಿಷ್ಠ ಅಂಕದ ಹಾಗೆ ಕಂಡಿತು. ಆ ತೊಂಬತ್ತೆರಡನ್ನು ಯಾಕೆ ಬರೆದರೋ.

ಮಧ್ಯಾಹ್ನ ಅಕ್ಕ ತೂಕಡಿಸುತ್ತಿದ್ದಾಗ ತಿರುಪನ್ನು ಒಂದಿಷ್ಟು ತಿರುಗಿಸಿದೆ. ಗುಂಡು ನಡುಗಿ ಎರಡರ ಹತ್ತಿರ ನಿಂತಿತು. ಹತ್ತು ನಿಮಿಷದಲ್ಲಿ ೯೧. ಅಷ್ಟೇ. ಇಷ್ಟು ಸುಲಭದ್ದು.

ಎರಡು ತುಂಡು ಬ್ರೆಡ್ ತಿಂದೆ.


ಫೆಬ್ರವರಿ ೧೦, ಸೋಮವಾರ

೯೩. ೯೦. ೯೩.

ನಡುವಿನದು ನರ್ಸ್ ನೋಡಿದ ಅಂಕಿ. ಅವರು ಬರುವ ಒಂದು ಗಂಟೆ ಮುಂಚೆ ಗುಂಡನ್ನು ಒಂದಕ್ಕೆ ಇಳಿಸಿದ್ದೆ. ಹೋದ ಮೇಲೆ ಏರಿಸಿದೆ. ಡೈರಿಯನ್ನು ತೋರಿಸಲಿಲ್ಲ, ಬೇರೆ ಕಾಗದದಲ್ಲಿ ಅಂಕಿಗಳನ್ನು ಬರೆದುಕೊಟ್ಟೆ. ಅವರು ತೃಪ್ತಿಯಿಂದ, "ಚೆನ್ನಾಗಿ ನೋಡ್ಕೊಳ್ತಿದ್ದೀರಿ. ತಮ್ಮ ಅಂದ್ರೆ ಹೀಗಿರಬೇಕು" ಅಂದರು.

"ತಗೊಂಡು ಹೋಗ್ತೀರಾ?" ಅಕ್ಕ ಕೇಳಿದಳು. "ಅಡುಗೇನೂ ಮಾಡ್ತಾನೆ. ಉಪ್ಪು ಮಾತ್ರ... ನೀವೇ ಹಾಕ್ಕೋಬೇಕು."

ಈ ಪುಟದಲ್ಲಿ ಸುಳ್ಳು ಬರೆಯಲು ಕಾರಣವಿಲ್ಲ, ಆದ್ದರಿಂದ ಇದ್ದದ್ದನ್ನೇ ಬರೆದಿದ್ದೇನೆ. ಶಾಲೆಯಲ್ಲಿದ್ದಾಗ ನನ್ನ ಪ್ರಗತಿಪತ್ರವನ್ನು ಅಪ್ಪನಿಗೆ ತೋರಿಸುವ ಮೊದಲು ತಿದ್ದಿಕೊಡುತ್ತಿದ್ದವಳು ಅಕ್ಕ. ಮೂರನ್ನು ಎಂಟು ಮಾಡುವುದು ಅವಳಿಂದ ಕಲಿತದ್ದು. ನನ್ನ ಮೊದಲ ಚಿತ್ರಕಲೆ ಅದೇ ಇರಬೇಕು.


ಫೆಬ್ರವರಿ ೧೨, ಬುಧವಾರ

೯೪. ೯೪. ೯೫.

ಸಂಪಾದಕಿ ಫೋನು ಮಾಡಿದ್ದರು. "ಅಂಗಾಂಶದ ಚಿತ್ರಕ್ಕೆ ಅರ್ಧ ಪುಟ ಕೊಡೋಕಾಗಲ್ಲ. ಕಾಲು ಪುಟ. ಏನಾದ್ರೂ ತೆಗೀರಿ."

"ಏನು ತೆಗೀಲಿ?"

"ಚಿತ್ರ ಬರೆಯೋರು ನೀವು. ಮಕ್ಕಳಿಗೆ ಮುಖ್ಯವಾದದ್ದು ಉಳಿದ್ರೆ ಸಾಕು."

ಕಾಲು ಪುಟದಲ್ಲಿ ಎರಡು ಬಣ್ಣದ ಬಾಣಗಳು ಒಂದರ ಮೇಲೊಂದು ಬಿದ್ದು ಗೊಜಲಾಗುತ್ತವೆ. ನೀಲಿ ತೆಗೆದೆ. ಕೆಂಪು ಬಾಣಗಳು ಈಗ ಉಸಿರಾಡುವಷ್ಟು ದೂರದೂರ ನಿಂತಿವೆ. ಚಿತ್ರ ಎಂದೂ ಇಷ್ಟು ಸ್ವಚ್ಛವಾಗಿ ಬಂದಿರಲಿಲ್ಲ. ಸಂಜೆಯ ಟಪಾಲಿಗೆ ಹಾಕಿದೆ. ಅದು ಮೊದಲು ಪರಿಶೀಲಕರ ಬಳಿ ಹೋಗುತ್ತದೆ. ಶರೀರಶಾಸ್ತ್ರ ಕಲಿಸಿ ನಿವೃತ್ತರಾದ ಮೇಷ್ಟ್ರು, ಕಂಪ್ಯೂಟರಿನಲ್ಲಿ ಏನನ್ನೂ ನೋಡುವುದಿಲ್ಲ. ಕೆಂಪು ಪೆನ್ಸಿಲ್ಲು ಹಿಡಿದೇ ಹುಟ್ಟಿದವರು.

ಅಕ್ಕ ಒಂಬತ್ತರವರೆಗೆ ಮಲಗಿದ್ದಳು. ಆಸ್ಪತ್ರೆಗೆ ಹೋಗುವ ಮೊದಲಿನಿಂದಲೂ ಅವಳಿಗೆ ಇಷ್ಟು ನಿದ್ದೆ ಬಂದದ್ದಿಲ್ಲ.


ಫೆಬ್ರವರಿ ೧೫, ಶನಿವಾರ

೯೬. ೯೬. ೯೬.

ಗುಂಡು ಮೂರರಲ್ಲಿದೆ. ಮೂರು ಹೊತ್ತೂ ಒಂದೇ ಅಂಕಿ. ಕಣ್ಣಿಗೊತ್ತಿಕೊಳ್ಳುವ ಹಾಗಿದೆ.

ಅಕ್ಕನ ಕೈ ಬೆಚ್ಚಗಾಗಿದೆ. ಚಳಿಗಾಲವೆಲ್ಲ ಆ ಬೆರಳುಗಳು ಮಂಜುಗಡ್ಡೆಯ ಹಾಗಿರುತ್ತಿದ್ದವು. ಕೆನ್ನೆಯಲ್ಲೂ ಕೆಂಪು ಇಣುಕಿದೆ. ರಕ್ತ ತಲುಪಬೇಕಾದ ಕಡೆಗೆಲ್ಲ ತಲುಪುತ್ತಿದೆ ಎಂದುಕೊಂಡೆ. ಬೆಳಿಗ್ಗೆ ಎದ್ದಾಗ ತಲೆನೋವು ಅಂದಳು, ಒಂದು ಮಾತ್ರೆ ಕೊಟ್ಟೆ. ಹೆಚ್ಚು ಮಲಗಿದರೆ ಯಾರಿಗಾದರೂ ತಲೆ ಭಾರವಾಗುತ್ತದೆ.

ಪತ್ರಿಕೆ ಮಡಚಿದ್ದು ಮಡಚಿದ ಹಾಗೇ ಇತ್ತು. ಪದಬಂಧವನ್ನು ನಾನೇ ತುಂಬಿದೆ.


ಫೆಬ್ರವರಿ ೧೭, ಸೋಮವಾರ

೯೬. ೯೭. ೯೬.

ನರ್ಸ್ ಬರಲಿಲ್ಲ. ಅವರ ಮಗಳಿಗೆ ಹುಷಾರಿಲ್ಲವಂತೆ, ಮುಂದಿನ ಸೋಮವಾರ ಬರುತ್ತೇನೆಂದು ಫೋನಿನಲ್ಲಿ ಹೇಳಿದರು. "ಹೇಗಿದ್ದಾರೆ?" ಎಂದು ಕೇಳಿದರು. ತುಂಬ ಚೆನ್ನಾಗಿದ್ದಾಳೆ ಎಂದೆ. ನಿಜವನ್ನೇ ಹೇಳಿದೆ. ತಿರುಪು ಇಳಿಸುವ ಕೆಲಸ ತಪ್ಪಿತು ಎಂದು ಸಮಾಧಾನವೂ ಆಯಿತು.

ಮತ್ತೆ ತಲೆನೋವು. ಮಾತ್ರೆ.


ಫೆಬ್ರವರಿ ೧೯, ಬುಧವಾರ

೯೭. ೯೭. ೯೭.

ಮಧ್ಯಾಹ್ನ ಅಕ್ಕ ನಿದ್ದೆಗಣ್ಣಿನಲ್ಲಿ ಪ್ರಕಟಣೆ ಹೇಳಿದಳು. "ಪ್ರಯಾಣಿಕರ ಗಮನಕ್ಕೆ. ಕಪ್ಪು ಬಣ್ಣದ ಕೊಡೆ ಸಿಕ್ಕಿದೆ. ಐದನೇ ಪ್ಲಾಟ್‌ಫಾರ್ಮ್... ಐದನೇ... ಕೊಡೆ ಹೊರಡಲಿದೆ." ನಕ್ಕುಬಿಟ್ಟೆ. ಧ್ವನಿ ಹಳೆಯದೇ, ಮೂಗಿನಿಂದ ಬರುವ ಆ ಸರ್ಕಾರಿ ಮಾಧುರ್ಯ. ಎಬ್ಬಿಸಿ ಹೇಳಿದೆ. ಅವಳು ನಗಲಿಲ್ಲ, ಯಾವ ಕೊಡೆ ಎಂದು ಕೇಳಿ ಮತ್ತೆ ಕಣ್ಣು ಮುಚ್ಚಿದಳು.


ಫೆಬ್ರವರಿ ೨೦, ಗುರುವಾರ

೯೭. ೯೭. ೯೮.

ಚಿತ್ರ ವಾಪಸು ಬಂದಿದೆ. ಅಂಚಿನಲ್ಲಿ ಮೇಷ್ಟ್ರ ಕೆಂಪು ಪೆನ್ಸಿಲ್ಲು: "ಒಳಗೆ ಹೋದದ್ದು ಕಾಣುತ್ತದೆ. ಹೊರಗೆ ಹೋಗುವುದೆಲ್ಲಿ?" ಅದರ ಕೆಳಗೆ, ಇನ್ನೂ ಸಣ್ಣ ಅಕ್ಷರದಲ್ಲಿ: "ಆಮ್ಲಜನಕವನ್ನು ಇಳಿಸಿದ ರಕ್ತವೇ ಇಂಗಾಲದ ಡೈ ಆಕ್ಸೈಡನ್ನು ಹೆಚ್ಚು ಹೊರಬಲ್ಲದು. ಇದು ಎರಡು ಕೆಲಸವಲ್ಲ, ಒಂದೇ. ಕೊಡುವುದನ್ನು ಮಾತ್ರ ತೋರಿಸಿದರೆ ಚಿತ್ರ ಸುಂದರವಾಗಿರುತ್ತದೆ, ಜೀವಕೋಶ ಸತ್ತಿರುತ್ತದೆ."

ಮೇಷ್ಟ್ರಿಗೆ ಕಾಲು ಪುಟ ಎಂದರೆ ಏನೆಂದು ಯಾರು ಹೇಳಬೇಕು. ಮನೆಯಲ್ಲಿ ಕಾಯಿಲೆಯವರನ್ನು ಇಟ್ಟುಕೊಂಡು ಕೆಲಸ ಮಾಡುವವನಿಗೆ ಈ ಕುಹಕ ಬೇರೆ. ಹಾಳೆಯನ್ನು ಮಗುಚಿ ಇಟ್ಟೆ.

ಟೈಲರಮ್ಮ ಮೆಟ್ಟಿಲ ಮೇಲೆ ಸಿಕ್ಕಿ, "ಅಕ್ಕನ ಸದ್ದೇ ಕೇಳಿಸಲ್ಲ ಈಗ" ಅಂದರು. ಮೊದಲೆಲ್ಲ ಅವಳು ನನ್ನನ್ನು ಬೈಯುವುದು ಕೆಳಗಿನವರೆಗೆ ಕೇಳುತ್ತಿತ್ತಂತೆ. ವಿಶ್ರಾಂತಿ ತೆಗೆದುಕೊಳ್ಳುತ್ತಿದ್ದಾಳೆ ಎಂದೆ.


ಫೆಬ್ರವರಿ ೨೨, ಶನಿವಾರ

೯೭. ೯೮. ೯೮.

ಅಕ್ಕನ ಕೈಯಿಂದ ಟೀ ಲೋಟ ಜಾರಿತು. ಹಿಡಿದ ಬೆರಳುಗಳು ಇದ್ದಕ್ಕಿದ್ದಂತೆ ಸಡಿಲಾಗಿ ಮತ್ತೆ ಬಿಗಿಯಾದ ಹಾಗೆ ಕಂಡಿತು. ಇನ್ನು ಮೇಲೆ ನಾನೇ ಕುಡಿಸುತ್ತೇನೆ.


ಫೆಬ್ರವರಿ ೨೩, ಭಾನುವಾರ

೯೮. ೯೮. ೯೮.

ಅಕ್ಕ ಮಲಗಿದ್ದಳು. ಮನೆ ಶಾಂತವಾಗಿದೆ.


ಫೆಬ್ರವರಿ ೨೫, ಮಂಗಳವಾರ

ಆಸ್ಪತ್ರೆಯ ಮೊಗಸಾಲೆಯ ಬೆಂಚು. ನಿನ್ನೆಯದನ್ನು ಆದ ಕ್ರಮದಲ್ಲೇ ಬರೆಯಲು ನೋಡುತ್ತೇನೆ.

ಹನ್ನೊಂದಕ್ಕೆ ನರ್ಸ್ ಬಂದರು. ಈ ಸಲ ಗುಂಡನ್ನು ಇಳಿಸಿರಲಿಲ್ಲ. ಮರೆತದ್ದಲ್ಲ. ೯೮ನ್ನು ಅವರಿಗೆ ತೋರಿಸಬೇಕೆನಿಸಿತ್ತು. ನಿಮ್ಮ ಹಾಳೆಗಿಂತ ಹತ್ತು ಹೆಚ್ಚು ತಂದಿದ್ದೇನೆ ಎಂದು.

ಅವರು ಮೀಟರು ನೋಡಲಿಲ್ಲ. ಬಾಗಿಲಲ್ಲೇ ನಿಂತು ಅಕ್ಕನನ್ನು ನೋಡಿದರು.

"ಎಷ್ಟು ದಿನದಿಂದ ಹೀಗಿದ್ದಾರೆ?"

"ಈಗ ಚೆನ್ನಾಗಿ ನಿದ್ದೆ ಬರ್ತಿದೆ."

"ನಾನು ಕೇಳಿದ್ದು ಅದಲ್ಲ."

ಅಕ್ಕನ ಭುಜ ಅಲುಗಿಸಿ ಕೂಗಿದರು. ಅಕ್ಕ ಕಣ್ಣು ಅರ್ಧ ತೆರೆದಳು. "ಬಸ್ಸು ನಿಲ್ಲಿಸೋರ ಹಾಗೆ ಎರಡೂ ಕೈ ಮುಂದೆ ಚಾಚಿ, ನೋಡೋಣ" ಎಂದು ತಾವೇ ಹಿಡಿದು ಚಾಚಿಸಿ ಬಿಟ್ಟರು. ಅಂಗೈಗಳು ನಿಲ್ಲಲಿಲ್ಲ. ಮಣಿಕಟ್ಟಿನಲ್ಲಿ ಸತ್ತು ಬೀಳುವುದು, ಮತ್ತೆ ಏಳುವುದು. ಯಾರಿಗೋ ಟಾಟಾ ಮಾಡುತ್ತಿರುವ ಹಾಗೆ. ಆ ಟಾಟಾವನ್ನು ನಾನು ಮೂರು ದಿನದಿಂದ ನೋಡುತ್ತಿದ್ದೆ. ಲೋಟ ಹಿಡಿದಾಗ, ಹೊದಿಕೆ ಎಳೆದುಕೊಂಡಾಗ.

ಆಮೇಲೆ ಅವರ ಕಣ್ಣು ಗಾಜಿನ ಕೊಳವೆಗೆ ಹೋಯಿತು. ಕುಕ್ಕರಗಾಲಲ್ಲಿ ಕೂತು ಗುಂಡನ್ನು ಒಂದಕ್ಕೆ ತಂದರು. ಅಷ್ಟರಲ್ಲಿ ಇನ್ನೊಂದು ಕೈ ಆಂಬುಲೆನ್ಸಿಗೆ ಫೋನು ಮಾಡುತ್ತಿತ್ತು.

"ತೊಂಬತ್ತೆಂಟಿದೆ" ಎಂದು ನಾನು ಮೀಟರನ್ನು ಅವರ ಮುಖಕ್ಕೆ ಹಿಡಿದೆ. ಹಿಡಿದದ್ದು ಈಗ ನೆನಪಾದರೆ ಮೈ ಹಿಡಿಯಾಗುತ್ತದೆ.

"ಅದು ಒಳಗೆ ಹೋಗೋದನ್ನ ಮಾತ್ರ ಹೇಳತ್ತೆ" ಅಂದರು. ಧ್ವನಿ ಏರಿಸಲಿಲ್ಲ. "ಹೊರಗೆ ಹೋಗದೆ ಉಳಿದಿರೋದನ್ನ ಅದು ಹೇಳಲ್ಲ. ಅದಕ್ಕೆ ನಿಮಗೆ ಮುಟ್ಟಬೇಡಿ ಅಂದಿದ್ದು."

ಇಲ್ಲಿ ಅಕ್ಕನ ಮಣಿಕಟ್ಟಿನಿಂದ ರಕ್ತ ತೆಗೆದರು, ಎರಡು ಸಲ. ಮುಖಕ್ಕೆ ಬಿಗಿಯಾದ ಮುಖವಾಡ ಕಟ್ಟಿದ್ದಾರೆ. ಅದರ ಹಿಂದಿನ ಯಂತ್ರ ಗಾಳಿಯನ್ನು ಒಳಗೆ ನೂಕುತ್ತದೆ, ಕಾಯುತ್ತದೆ, ಹೊರಗೆ ಬಿಡುತ್ತದೆ. ಡಾಕ್ಟರು ಚಿಕ್ಕ ವಯಸ್ಸಿನ ಹೆಂಗಸು. ತಿರುಪಿನ ವಿಷಯ ನಾನೇ ಹೇಳಿದೆ. ಬೈಯುತ್ತಾರೆಂದುಕೊಂಡರೆ, ಜೇಬಿನಿಂದ ಚೀಟಿ ತೆಗೆದು ಅದರ ಹಿಂಬದಿಯಲ್ಲಿ ಒಂದು ಕೊಳವೆ ಬರೆದರು, ಪಕ್ಕದಲ್ಲಿ ಒಂದು ಉರುಟು. ಕೊಳವೆಯಿಂದ ಉರುಟಿಗೆ ಒಂದು ಬಾಣ, ಉರುಟಿನಿಂದ ಕೊಳವೆಗೆ ಒಂದು.

"ಇದು ಅವರ ಮೈಯಲ್ಲಿ ಈಗಲೂ ಸರಿಯಾಗೇ ನಡೀತಿದೆ. ಕೋಶ ತನ್ನ ಕೊಳೆಯನ್ನ ರಕ್ತಕ್ಕೆ ಕೊಡ್ತಾನೇ ಇದೆ. ರಕ್ತ ಅದನ್ನ ಹೊತ್ತುಕೊಂಡು ಶ್ವಾಸಕೋಶದವರೆಗೆ ಬರತ್ತೆ. ಅಲ್ಲಿ ಬಾಗಿಲು ಕಿರಿದು. ಇಂಥವರಿಗೆ ಆಮ್ಲಜನಕ ಜಾಸ್ತಿ ಕೊಟ್ರೆ ಆ ಬಾಗಿಲು ಇನ್ನೂ ಕಿರಿದಾಗತ್ತೆ. ಹೊರಗೆ ಹಾಕಲಾರದೆ ರಕ್ತ ಅದನ್ನೇ ಹೊತ್ತು ಮತ್ತೆ ಸುತ್ತತ್ತೆ. ಒಂದು ಹದ ಮೀರಿದ್ರೆ ಅದು ಮತ್ತು ಬರಿಸೋ ಔಷಧಿ ಇದ್ದ ಹಾಗೆ. ತಲೆನೋವು, ಮಂಪರು, ಕೈ ನಡುಕ. ನೋಡೋರಿಗೆ ಹಾಯಾಗಿ ಮಲಗಿದ ಹಾಗೆ ಕಾಣ್ತಾರೆ."

"ಏಳ್ತಾಳಾ?"

"ಮುಖವಾಡ ಒಪ್ಪಿಕೊಂಡ್ರೆ ಏಳಬೇಕು. ನಾಳೆ ಹೇಳ್ತೀನಿ." ಚೀಟಿಯನ್ನು ನನ್ನ ಕೈಗಿಟ್ಟರು. "ಚಿತ್ರ ಬರೆಯೋಕೆ ಬರಲ್ಲ ನನಗೆ. ಏನೋ ಒಂದು, ಅರ್ಥವಾಗಲಿ ಅಂತ."

ನನ್ನ ಕಸುಬೇನೆಂದು ಅವರಿಗೆ ಹೇಳಲಿಲ್ಲ.


ಫೆಬ್ರವರಿ ೨೬, ಬುಧವಾರ

ಎದ್ದಿಲ್ಲ. ರಕ್ತದ ಅಂಕಿ ನಿನ್ನೆಗಿಂತ ಇಳಿದಿದೆಯಂತೆ. ಇಳಿದದ್ದು ಒಳ್ಳೆಯದು ಎಂದು ಎರಡು ಸಲ ಹೇಳಿಸಿಕೊಂಡೆ.

ಅವಳ ಪಕ್ಕದ ಪರದೆಯಲ್ಲಿ ಆಮ್ಲಜನಕದ ಅಂಕಿಯೂ ಬರುತ್ತಿರುತ್ತದೆ. ೮೯. ಅದಕ್ಕೆ ಬೆನ್ನು ಮಾಡಿ ಕೂತೆ. ಮುಖವಾಡದ ಪ್ಲಾಸ್ಟಿಕ್ಕಿನ ಒಳಗೆ ಪ್ರತಿ ಉಸಿರಿಗೂ ಮಂಜು ಕಟ್ಟುತ್ತದೆ, ಕರಗುತ್ತದೆ. ಹೊರಗೆ ಬರುವ ಉಸಿರು ಕಣ್ಣಿಗೆ ಕಾಣುತ್ತದೆಂದು ಯಾವತ್ತೂ ಯೋಚಿಸಿರಲಿಲ್ಲ. ಬಹಳ ಹೊತ್ತು ಅದನ್ನೇ ನೋಡಿದೆ.

ಈ ಡೈರಿಯನ್ನು ಮೊದಲಿನಿಂದ ಓದಿದೆ. ಅವಳ ಮಾತು ಯಾವ ಪುಟದವರೆಗಿದೆ, ಎಲ್ಲಿಂದ ಇಲ್ಲ ಎಂದು ಬೆರಳಿಟ್ಟು ತೋರಿಸಬಹುದು. ಫೆಬ್ರವರಿ ಹತ್ತರ ನಂತರ ಅವಳು ಒಂದೂ ತಮಾಷೆ ಮಾಡಿಲ್ಲ. ಅಂಕಿಗಳು ಮಾತ್ರ ದಿನದಿನಕ್ಕೆ ಚೆನ್ನಾಗಿವೆ.


ಫೆಬ್ರವರಿ ೨೭, ಗುರುವಾರ

ಬೆಳಿಗ್ಗೆ ಏಳೂವರೆಗೆ ಮುಖವಾಡ ತೆಗೆದು ಬಾಯಿ ಒರೆಸುತ್ತಿದ್ದರು. ಮೂಗಿನ ಮೇಲೆ ಪಟ್ಟಿಯ ಗಾಯ ಕೆಂಪಗಿತ್ತು. ಕಣ್ಣು ತೆರೆದು ನನ್ನನ್ನು ಗುರುತಿಸಲು ಅವಳಿಗೆ ಹೊತ್ತು ಹಿಡಿಯಿತು.

"ಯಾಕೋ ಮುಖ ಹಾಗಿದೆ... ಬಸ್ಸು ತಪ್ಪಿಸಿಕೊಂಡೋನ ಹಾಗೆ?"

ನಾನು ನಕ್ಕದ್ದೋ ಅತ್ತದ್ದೋ, ಪಕ್ಕದ ಹಾಸಿಗೆಯವರು ನನ್ನ ಕಡೆ ತಿರುಗಿದರು. ನಾನು ಮುಖ ತೊಳೆಯಲು ಹೋಗಿ ನಲ್ಲಿಯನ್ನು ಸುಮ್ಮನೆ ಬಿಟ್ಟುಕೊಂಡು ನಿಂತಿದ್ದೆ.


ಮಾರ್ಚ್ ೪, ಮಂಗಳವಾರ

೮೯. ೮೮. ೮೮.

ನಿನ್ನೆ ಮನೆಗೆ ಬಂದೆವು. ನರ್ಸ್ ಗುಂಡನ್ನು ಒಂದಕ್ಕೆ ನಿಲ್ಲಿಸಿ, ತಿರುಪಿನ ಮೇಲೆ ಬಿಳಿ ಅಂಟುಪಟ್ಟಿ ಸುತ್ತಿದ್ದಾರೆ. ಸುತ್ತುವಾಗ ನನ್ನ ಕಡೆ ನೋಡಲಿಲ್ಲ, ಅದು ಅವರ ಸೌಜನ್ಯ.

ಅಂಕಿ ೮೮ ಕಂಡಾಗಲೆಲ್ಲ ಬೆರಳು ತಾನಾಗಿಯೇ ಆ ಕಡೆ ಹೋಗಲು ನೋಡುತ್ತದೆ. ಕೈಗಳನ್ನು ಕಂಕುಳಲ್ಲಿ ಇಟ್ಟುಕೊಂಡು ನಿಂತೆ. ಅವಳು ಮೆಟ್ಟಿಲು ಹತ್ತಿದವಳ ಹಾಗೆ ಏದುಸಿರು ಬಿಡುತ್ತಾಳೆ, ನಾನು ನೋಡುತ್ತ ನಿಲ್ಲಬೇಕು. ಇದು ಆರೈಕೆ ಎಂದು ಒಪ್ಪಿಕೊಳ್ಳುವುದು ಕಷ್ಟ.

ಸಂಜೆ ಹೇಳಿದೆ.

"ಅಕ್ಕ, ತಿರುಪು ನಾನೇ ತಿರುಗಿಸಿದ್ದು."

"ಗೊತ್ತು."

"ಡಾಕ್ಟರು ಹೇಳಿದ್ರಾ?"

"ಗುಂಡು ಮೂರರಲ್ಲಿ ಕೂತಿತ್ತು. ನನಗೆ ಕೆಟ್ಟಿರೋದು... ಶ್ವಾಸಕೋಶ. ಕಣ್ಣಲ್ಲ."

"ಮತ್ತೆ ಯಾಕೆ ಸುಮ್ಮನಿದ್ದೆ?"

ಅವಳು ಉಸಿರು ಕೂಡಿಸಿಕೊಳ್ಳುವವರೆಗೆ ಕಾದೆ. ಮೊದಲಾದರೆ ಅಷ್ಟರಲ್ಲಿ ಮೀಟರು ತರುತ್ತಿದ್ದೆ.

"ನೀನು ಊಟ ಮಾಡ್ತಿದ್ದೆ. ಅದಕ್ಕೆ ಮುಂಚೆ... ತಟ್ಟೆ ಹಾಗೇ ಇರ್ತಿತ್ತು. ಮೀಟರು ನೋಡಿ ಶಿಳ್ಳೆ ಹಾಕ್ತಿದ್ದೆ. ಇರ್ಲಿ ಬಿಡು ಅಂದ್ಕೊಂಡೆ."

ಶಿಳ್ಳೆ ಹಾಕಿದ್ದು ನನಗೆ ಗೊತ್ತೇ ಇಲ್ಲ.

"ತಲೆನೋವು ಬಂದಾಗಲಾದರೂ ಹೇಳಬಾರದಿತ್ತಾ?"

"ಹೇಳಿದ್ನಲ್ಲ. ನೀನು ಮಾತ್ರೆ ಕೊಟ್ಟೆ."

ಅವಳು ಹಳೆಯ ಪತ್ರಿಕೆ ಎಳೆದುಕೊಂಡು, ಹದಿನೈದನೇ ತಾರೀಖಿನ ಪದಬಂಧ ತುಂಬಿದ್ದು ಯಾರು ಎಂದು ಕೇಳಿದಳು. ನಾನು ಎಂದೆ. ಏಳನೇ ಸಾಲು ಪೂರ್ತಿ ತಪ್ಪಂತೆ.


ಮಾರ್ಚ್ ೭, ಶುಕ್ರವಾರ

ಬೆಳಿಗ್ಗೆ ಚಿತ್ರ ಬಿಚ್ಚಿಕೊಂಡು ಕೂತೆ. ಕಾಲು ಪುಟ ಕಾಲು ಪುಟವೇ. ಜೀವಕೋಶಗಳಲ್ಲಿ ಮೂರನ್ನು ತೆಗೆದು ಎರಡೇ ಉಳಿಸಿದೆ. ಡಾಕ್ಟರ ಚೀಟಿಯಲ್ಲಿ ಒಂದೇ ಒಂದು ಉರುಟಿತ್ತು, ಅದು ಸಾಕಾಗಿತ್ತು. ಕೆಂಪು ಬಾಣ ತೆಳ್ಳಗೆ, ನೀಲಿ ಅಷ್ಟೇ ತೆಳ್ಳಗೆ.

ಅಕ್ಕ ನಳಿಕೆ ಎಳೆದುಕೊಂಡು ಮೇಜಿನವರೆಗೆ ಬಂದಳು. ಒಂಬತ್ತು ಹೆಜ್ಜೆ, ನಡುವೆ ಬಾಗಿಲ ಚೌಕಟ್ಟು ಹಿಡಿದು ನಿಂತಳು. ನನ್ನ ಕುರ್ಚಿಯಲ್ಲೇ ಕೂತು ಹಾಳೆ ನೋಡಿದಳು.

"ಈ ನೀಲಿ ಎಲ್ಲಿಗೆ ಹೋಗತ್ತೆ?"

"ರಕ್ತಕ್ಕೆ. ಅಲ್ಲಿಂದ ಶ್ವಾಸಕೋಶಕ್ಕೆ."

"ಅಲ್ಲಿಂದ?"

"ಹೊರಗೆ."

"ಹೊರಗೆ ಅಂದ್ರೆ ಎಲ್ಲಿಗೆ? ಪ್ರಯಾಣಿಕರಿಗೆ... ಸರಿಯಾಗಿ ಹೇಳು."

"ಗಾಳಿಗೆ ಕಣೇ. ಕಿಟಕಿಯಿಂದಾಚೆಗೆ."

ಅವಳು ಮುಚ್ಚಿದ ಕಿಟಕಿಯ ಕಡೆ ನೋಡಿದಳು, ಆಮೇಲೆ ನನ್ನ ಕಡೆ. ಎದ್ದು ತೆರೆದೆ. ತಿಂಗಳಿಂದ ಮುಚ್ಚಿದ್ದರಿಂದ ಚಿಲಕ ಬಿಗಿದಿತ್ತು, ಎರಡೂ ಕೈ ಹಾಕಬೇಕಾಯಿತು. ಕೆಳಗಿನ ಹೊಲಿಗೆ ಯಂತ್ರದ ಸದ್ದು ಒಳಗೆ ಬಂತು. ಅಕ್ಕ ಕೂತಲ್ಲಿಂದಲೇ ಗಂಟಲು ಸರಿಮಾಡಿಕೊಂಡಳು.

"ಪ್ರಯಾಣಿಕರ ಗಮನಕ್ಕೆ. ಎರಡು ಗಂಟೆಯ ಇಸ್ಪೀಟು... ಮೊದಲಿನ ಪ್ಲಾಟ್‌ಫಾರ್ಮಿನಲ್ಲೇ ಹೊರಡಲಿದೆ."

ಯಂತ್ರ ನಿಂತಿತು. "ಬಂದೆ ಅಕ್ಕಾ" ಎಂದು ಕೆಳಗಿನಿಂದ ಕೇಳಿಸಿತು.

ಟೈಲರಮ್ಮ ಐದರವರೆಗೆ ಇದ್ದರು. ಅಕ್ಕ ನಾಲ್ಕಾಟ ಸೋತು, ಎಲೆ ಕದ್ದದ್ದು ಸಿಕ್ಕಿಬಿದ್ದು, ನನ್ನ ಮೇಲೆ ಹಾಕಿದಳು. ಒಂದೊಂದು ಮಾತಿಗೂ ನಿಲ್ಲುತ್ತಿದ್ದಳು. ಅವಳು ನಿಂತಾಗ ಟೈಲರಮ್ಮ ಎಲೆ ಜೋಡಿಸಿಕೊಳ್ಳುತ್ತಿದ್ದರು, ಅವಸರವಿಲ್ಲದೆ. ನಾನು ಒಳಗೆ ನೀಲಿ ಬಣ್ಣ ಒಣಗುವುದನ್ನು ಕಾಯುತ್ತ ಕೂತಿದ್ದೆ.

ಚಿತ್ರ ನಾಳೆಯ ಟಪಾಲಿಗೆ. ಮೀಟರಿನ ಬ್ಯಾಟರಿ ಬೆಳಿಗ್ಗೆಯೇ ಮುಗಿದಿತ್ತು. ಅಂಚೆ ಕಚೇರಿಯ ಪಕ್ಕದ ಅಂಗಡಿಯಲ್ಲಿ ಸಿಗುತ್ತದೆ, ಹೇಗೂ ಹೋಗುತ್ತೇನಲ್ಲ, ಆಗ ತಂದರಾಯಿತು.